ಅತ್ತೆಯ ಅರ್ಧ ರಾಶಿ

ನಮ್ಮ ಮನೆಯ ಪಡಸಾಲೆಯ ದಕ್ಷಿಣದ ಗೋಡೆಯಲ್ಲಿ ಒಂದು ಮೊಳೆಯಿದೆ. ಅದಕ್ಕೀಗ ಯಾವ ಕೆಲಸವೂ ಇಲ್ಲ. ಹಿಂದೆ ಅಲ್ಲಿ ಗಡಿಯಾರವಿತ್ತು. ನೆಂಟರೊಬ್ಬರು ಬಂದವರು, ದಕ್ಷಿಣವೆಂದರೆ ಯಮನ ದಿಕ್ಕು, ಕಾಲನ ದಿಕ್ಕಿನಲ್ಲಿ ಕಾಲವನ್ನು ತೂಗುಹಾಕುವುದು ಗೃಹಸ್ಥರಿಗೆ ಲಕ್ಷಣವಲ್ಲವೆಂದು ನಮ್ಮ ಚಹಾ ಕುಡಿದು ತಮ್ಮ ಉಪದೇಶ ಬಿಟ್ಟುಹೋದರು. ವಾಸ್ತುವಿನಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಸಂಶಯವನ್ನು ಧಿಕ್ಕರಿಸುವಷ್ಟು ಧೈರ್ಯವೂ ಇಲ್ಲದ್ದರಿಂದ ಮರುದಿನವೇ ಗಡಿಯಾರ ಉತ್ತರದ ಗೋಡೆಗೆ ವರ್ಗವಾಯಿತು. ಅಂದಿನಿಂದ ಮನೆಯ ನಾವೆಲ್ಲರೂ ಸಮಯ ಬೇಕಾದಾಗ ಮೊದಲು ಆ ಬರಿ ಮೊಳೆಯನ್ನು ನೋಡಿ, ಕ್ಷಣಕಾಲ ಪೆಚ್ಚಾಗಿ, ಆಮೇಲೆ ಕತ್ತು ತಿರುಗಿಸುತ್ತೇವೆ. ಅಡುಗೆಮನೆಯ ಬಾಗಿಲಲ್ಲಿ ನಿಂತರಂತೂ ಮೊಳೆ ಮಾತ್ರ ಕಾಣುತ್ತದೆ, ಗಡಿಯಾರ ಕಾಣುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಮೊಳೆ ಇದ್ದೀತು. ಇಲ್ಲವಾದರೆ ಕಸದ ಬುಟ್ಟಿಯ ಜಾಗ ಬದಲಿಸಿ ನೋಡಿ, ವಾರದ ತನಕ ಕಸ ಎಲ್ಲಿ ಬೀಳುತ್ತದೆಂಬುದು ಗೊತ್ತಾಗುತ್ತದೆ.

ಈ ಮೊಳೆಯ ಕೆಳಗೇ ನಮ್ಮ ಕಂಪ್ಯೂಟರಿನ ಮೇಜು. ಮಕ್ಕಳ ಓದಿಗೆಂದು ಕೊಂಡದ್ದು, ಮಕ್ಕಳು ಓದಿ ಮುಗಿಸಿ ತಮ್ಮ ತಮ್ಮ ಸಂಸಾರಕ್ಕೆ ಹೋದ ಮೇಲೆ ನನ್ನ ಸ್ವಾಧೀನಕ್ಕೆ ಬಂದದ್ದು. ವಿಜಯಪುರದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು ನನ್ನ ಟಿಪ್ಪಣಿಗಳನ್ನೂ ಪ್ರಶ್ನೆಪತ್ರಿಕೆಗಳನ್ನೂ ಯಾರೂ ಕೇಳದ ಪ್ರಬಂಧಗಳನ್ನೂ ಅದರಲ್ಲೇ ಟೈಪಿಸುತ್ತೇನೆ. ಅದಕ್ಕೆ ‘ವರ್ಕ್‌ಸ್ಟೇಷನ್’ ಎಂಬ ಘನವಾದ ಹೆಸರನ್ನು ಇಟ್ಟವಳೂ ನಾನೇ. ವರ್ಕ್ ಎಷ್ಟಾಗುತ್ತದೆಯೋ ಹೇಳಲಾರೆ, ಸ್ಟೇಷನ್ ಎನ್ನುವುದಕ್ಕೆ ಮಾತ್ರ ಆಧಾರವಿದೆ; ನಮ್ಮ ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಇಷ್ಟು ಹತ್ತಿರ. ಗೂಡ್ಸ್ ಗಾಡಿ ಹೋದಾಗಲೆಲ್ಲ ಮೇಜೂ ಮೊಳೆಯೂ ಸಣ್ಣಗೆ ನಡುಗುತ್ತವೆ.

ಒಂದು ಬೆಳಿಗ್ಗೆ ಈ ಯಂತ್ರ ತೆರೆಯ ಮೇಲೆ ಒಂದು ಸೂಚನೆ ಹಾಕಿತು. ಈಗಿರುವ ವ್ಯವಸ್ಥೆಗೆ ಇನ್ನು ಮುಂದೆ ರಕ್ಷಣೆಯಿಲ್ಲ. ಹೊಸ ಆವೃತ್ತಿಗೆ ಈ ಕಂಪ್ಯೂಟರ್ ಅರ್ಹವಲ್ಲ. ನಿವೃತ್ತಿಯ ಅಂಚಿನಲ್ಲಿರುವ, ಎರಡೂ ಮೊಣಕಾಲುಗಳು ಹವಾಮಾನ ವರದಿ ನೀಡುವ ಅಧ್ಯಾಪಿಕೆಗೆ ‘ಅರ್ಹವಲ್ಲ’ ಎಂಬ ಶಬ್ದ ಎಲ್ಲಿ ನಾಟುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯವನನ್ನು ಕೇಳಿದರೆ ಹೊಸದು ತಗೋರಿ ಎಂದ. ನನಗೆ ಸಿಟ್ಟು ಬಂತು. ಚೆನ್ನಾಗಿ ನಡೆಯುತ್ತಿರುವುದನ್ನು ಯಾರೋ ಎಲ್ಲೋ ಕುಳಿತು ಮುದಿಯೆಂದು ತೀರ್ಮಾನಿಸುವುದು ಯಂತ್ರದ ವಿಷಯದಲ್ಲೂ ಅನ್ಯಾಯವೇ ಎಂದು ಊಟದ ಹೊತ್ತಿಗೆ ಭಾಷಣವನ್ನೂ ಮಾಡಿದೆ. ಕೇಳಿದವರು ನನ್ನ ಅತ್ತೆ ಒಬ್ಬರೇ. ಅವರು ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕಿದರು.

ಉಪಾಯ ಹೇಳಿದವಳು ನಾದಿನಿ ಮಹಾದೇವಿ. ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಶಿಕ್ಷಕರ ಕಂಪ್ಯೂಟರ್ ತರಬೇತಿಯಲ್ಲಿ, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಕಲಿತು ಬಂದವಳು, ಅಂದಿನಿಂದ ಅದರ ಪ್ರಚಾರಕಿ. ಲಿನಕ್ಸ್ ಯಾರ ಸ್ವತ್ತೂ ಅಲ್ಲ, ಹಳೆಯ ಯಂತ್ರಗಳನ್ನು ಹೀಗಳೆಯುವುದಿಲ್ಲ, ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ ಎಂದು ಅವಳು ಫೋನಿನಲ್ಲಿ ವರ್ಣಿಸುತ್ತಿದ್ದರೆ ನನಗೆ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಹುಟ್ಟದೆ ಹೋದ ಕೊರತೆ ಈಗ ನೀಗುತ್ತಿದೆ ಎನ್ನಿಸಿತು. ತೊಡಕೆಂದರೆ ಲಿನಕ್ಸ್ ಒಂದಲ್ಲ, ನೂರು. ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಒಂದಕ್ಕೆ ಪುದೀನದ ಹೆಸರು, ಇನ್ನೊಂದಕ್ಕೆ ಟೊಪ್ಪಿಗೆಯ ಹೆಸರು. ಒಳಗಿನ ತಿರುಳು ಎಲ್ಲಕ್ಕೂ ಒಂದೇ, ಅದಕ್ಕೆ ಅವರು ಕಾಳು ಎಂಬರ್ಥದ ‘ಕರ್ನಲ್’ ಎಂದೇ ಹೆಸರಿಟ್ಟಿದ್ದಾರೆ. ನಮಗಿದು ಹೊಸ ಮಾತೇನಲ್ಲ. ಒಂದೇ ಬಿಳಿಜೋಳದಿಂದ ಒಬ್ಬರ ಮನೆಯಲ್ಲಿ ಬಿಸಿ ರೊಟ್ಟಿ, ಇನ್ನೊಬ್ಬರಲ್ಲಿ ಕಡಕ್ ರೊಟ್ಟಿ, ಮಗದೊಬ್ಬರಲ್ಲಿ ನುಚ್ಚು. ಆದರೂ ಯಾವ ಮನೆಯ ಅಡುಗೆ ಎಂದು ಆರಿಸಲು ನಾನು ಪಟ್ಟ ಪಾಡು ಮಗಳಿಗೆ ವರ ನೋಡುವಾಗಲೂ ಪಟ್ಟಿರಲಿಲ್ಲ. ಕೊನೆಗೆ, ನೋಡಲು ಅತ್ಯಂತ ನಿರಾಡಂಬರವಾದ, ತೆರೆಯ ಮೇಲೆ ಒಂದೇ ಒಂದು ಚಿತ್ರವೂ ಇಲ್ಲದ, ಸನ್ಯಾಸಿಯಂಥದೊಂದನ್ನು ಮೆಚ್ಚಿದೆ. ಮಹಾದೇವಿ ಅದನ್ನು ಪೆನ್‌ಡ್ರೈವಿಗೆ ಇಳಿಸಿದಳು. ಬಬಲೇಶ್ವರದ ಸಂತೆಯ ದಿನ ನಾನು ಬಸ್ಸಿನಲ್ಲಿ ಹೋಗಿ ಮೆಂತ್ಯೆ ಪಲ್ಲೆಯ ಜೊತೆ ಅದೇ ಚೀಲದಲ್ಲಿ ಹಾಕಿಕೊಂಡು ಬಂದೆ. ಕೊಡುವಾಗ ಅವಳೊಂದು ಮಾತು ಹೇಳಿದ್ದಳು.

“ವೈನಿ, ಹಳೇದನ್ನ ಒಮ್ಮೆಲೆ ಅಳಿಸಿಬಿಡಬ್ಯಾಡ್ರಿ. ಅದೂ ಬಾಜೂಕ ಇರ್ಲಿ. ಎರಡೂ ಕೂಡೇ ಇರ್ತಾವ.”

ಈಗ ಅತ್ತೆಯ ಆಟದ ವಿಷಯ ಹೇಳಬೇಕು. ಅತ್ತೆ ಮಮದಾಪುರದವರು. ಅವರು ಹುಡುಗಿಯಾಗಿದ್ದಾಗ ಅಲ್ಲಿಯ ಕೆರೆಯ ದಂಡೆಯಲ್ಲಿ ಗಂಡಸರು ಇಸ್ಪೀಟು ಆಡುತ್ತಿದ್ದರಂತೆ. ಹೆಣ್ಣುಮಕ್ಕಳು ನೀರಿಗೆ ಹೋಗುವಾಗ ಆ ಕಡೆ ಮುಖ ಮಾಡಿಯೂ ನೋಡುವಂತಿರಲಿಲ್ಲ. ಶಾಲೆಯ ಕಡೆಗೂ ಅವರನ್ನು ಯಾರೂ ಮುಖ ಮಾಡಿಸಲಿಲ್ಲ. ಅಂಥವರು ಕಾಲು ಮುರಿದುಕೊಂಡು ಮಂಚ ಹಿಡಿದ ಒಂದು ಬೇಸಿಗೆಯಲ್ಲಿ ಮಹಾದೇವಿ, ಹೊತ್ತು ಹೋಗಲೆಂದು, ಒಬ್ಬರೇ ಆಡುವ ಇಸ್ಪೀಟನ್ನು ಕಂಪ್ಯೂಟರಿನಲ್ಲಿ ಕಲಿಸಿಬಿಟ್ಟಳು. ಅಂಕಿ ಓದಲು ಬಾರದಿದ್ದರೂ ಎಲೆಯ ಮೇಲಿನ ಗುರುತುಗಳನ್ನು ಎಣಿಸಲು ಬರುತ್ತದಲ್ಲ, ಅಷ್ಟು ಸಾಕಾಯಿತು. ರಾಜ, ರಾಣಿ, ಗುಲಾಮರನ್ನು ಅತ್ತೆ ಮಾನ್ಯ ಮಾಡಲಿಲ್ಲ. ರಾಜ ಅವರಿಗೆ ಗೌಡ, ರಾಣಿ ಗೌಡಸಾನಿ, ಗುಲಾಮ ಊರ ಚಾಕರಿಯ ವಾಲಿಕಾರ. ಎಕ್ಕದೆಲೆಗೆ ಅವರಿಟ್ಟ ಹೆಸರು ‘ಲಾಭ’. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ನಮ್ಮ ಕಡೆ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಲಾಭದಿಂದ ಗೌಡನ ತನಕ ನಾಲ್ಕೂ ಕಟ್ಟುಗಳು ಏರಿ ನಿಂತು ಎಲೆಗಳು ತೆರೆಯ ತುಂಬ ಪುಟಿಯತೊಡಗಿದರೆ ಅತ್ತೆ ಎರಡೂ ಕೈ ಜೋಡಿಸಿ “ರಾಶಿ ಆತು” ಎನ್ನುವರು. ದಿನಕ್ಕೆ ಒಂದೇ ರಾಶಿ, ಮಧ್ಯಾಹ್ನದ ಊಟದ ನಂತರ.

ಕಣದ ಶಿಸ್ತನ್ನೂ ಅವರು ಬಿಟ್ಟಿರಲಿಲ್ಲ. ಹಿಡಿದ ರಾಶಿಯನ್ನು ಕೆದರಿ ಏಳುವಂತಿಲ್ಲ. ಮುಗಿಯದಿದ್ದರೆ ಹಾಗೆಯೇ ಬಿಟ್ಟು, ಯಂತ್ರವನ್ನು ಮಲಗಿಸಿ, ಮರುದಿನ ಎಬ್ಬಿಸಿ ಮುಂದುವರಿಸುವುದು. ಎಬ್ಬಿಸುವುದು, ಎಡಗಡೆಯ ಕೆಳಮೂಲೆಯನ್ನು ಒತ್ತುವುದು, ಮೇಲಿನಿಂದ ಮೂರನೆಯ ಚಿತ್ರವನ್ನು ಹಿಡಿಯುವುದು, ಎಲ್ಲವೂ ಅವರಿಗೆ ಜಾಗದ ಗುರುತಿನ ಮೇಲೇ ಗೊತ್ತು. ಬಸ್ಸಿನ ಬೋರ್ಡಿನಿಂದ ಗುಳಿಗೆಯ ಚೀಟಿಯ ತನಕ ಅವರು ಯಾರನ್ನಾದರೂ ಕೇಳಲೇಬೇಕು. ಈ ಒಂದು ಆಟಕ್ಕೆ ಯಾರನ್ನೂ ಕೇಳುತ್ತಿರಲಿಲ್ಲ. ಇದನ್ನು ನಾನು ಇಲ್ಲಿ ಎಷ್ಟು ಸರಾಗವಾಗಿ ಬರೆದೆ ನೋಡಿ. ಆಗ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅದು ಅಕ್ಟೋಬರ್ ಚಾಟ್ನಿಯ ಕಾಲ. ಟಿಕೋಟಾದಲ್ಲಿ ನಮ್ಮದೊಂದು ದ್ರಾಕ್ಷಿ ತೋಟವಿದೆ. ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಮೊದಲ ಬಳ್ಳಿಗೆ ಕತ್ತರಿ ಇಡುವ ಮುಂಚೆ ಅತ್ತೆಯೇ ಅರಿಶಿನ ಕುಂಕುಮ ಏರಿಸಿ ಕಾಯಿ ಒಡೆಯಬೇಕೆಂಬುದು ಪದ್ಧತಿ. ಶನಿವಾರ ಮಧ್ಯಾಹ್ನ ನಮ್ಮ ಮನೆಯವರು ಅವರನ್ನು ಕರೆದೊಯ್ಯಲು ಬಂದು ಹೊರಗೆ ಹಾರ್ನ್ ಹಾಕಿದಾಗ ಅತ್ತೆಯ ರಾಶಿ ಅರ್ಧಕ್ಕೆ ಬಂದಿತ್ತು. ಸೆರಗು ಹೊದ್ದುಕೊಳ್ಳುತ್ತ ನನ್ನ ಕಡೆ ತಿರುಗಿ “ಹಂಗ ಇರ್ಲಿ ಯವ್ವಾ, ಬಂದು ಮುಗಸ್ತೇನಿ” ಎಂದರು. ನಾನು ಹೂಂಗುಟ್ಟಿದೆ. ನನ್ನ ಕಣ್ಣು ಮೊಬೈಲಿನಲ್ಲಿತ್ತು; ಲಿನಕ್ಸ್ ಸ್ಥಾಪಿಸುವ ವಿಧಿವಿಧಾನಗಳನ್ನು ಓದುತ್ತಿದ್ದೆ. ಉತ್ತರಪತ್ರಿಕೆ ತಿದ್ದುವುದಿದೆ ಎಂದು ನೆಪ ಹೇಳಿ ತೋಟಕ್ಕೆ ಹೋಗದೆ ಉಳಿದದ್ದೂ ಇದಕ್ಕಾಗಿಯೇ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೊಂದು ಊದುಬತ್ತಿ ಹಚ್ಚಿ, ಅದರದ್ದೇ ಹೊಗೆಯನ್ನು ಕಂಪ್ಯೂಟರಿಗೂ ತೋರಿಸಿ ಕುಳಿತೆ. ಉಳಿಸಿಕೊಳ್ಳಬೇಕಾದ್ದನ್ನೆಲ್ಲ ಬೇರೆಡೆಗೆ ನಕಲು ಮಾಡಿಟ್ಟುಕೊಂಡಿದ್ದೆ. ನನ್ನ ಟಿಪ್ಪಣಿಗಳು, ಮಕ್ಕಳ ಲಗ್ನದ ಫೋಟೋಗಳು, ಮನೆಯವರು ಬಳ್ಳಿಗೆ ಔಷಧ ಹೊಡೆಯುವ ವೇಳಾಪಟ್ಟಿ. ಅತ್ತೆಯದೇನಾದರೂ ಇದೆಯೇ ಎಂಬ ಪ್ರಶ್ನೆ ಬರಲಿಲ್ಲ. ಯಂತ್ರವನ್ನು ಎಬ್ಬಿಸಿದಾಗ ಹಸಿರು ಹಾಸಿನ ಮೇಲೆ ಎಲೆಗಳು ಹರಡಿದ್ದು ಕಂಡಿತು; ಮೇಜಿನ ಮೇಲಿನ ಧೂಳು ಒರೆಸಿದಂತೆ ಮುಚ್ಚಿದೆ. ಮುಂದೆ ಪೆನ್‌ಡ್ರೈವ್ ಕೇಳಿದ್ದು ಒಂದೇ ದೊಡ್ಡ ಪ್ರಶ್ನೆ. ಹಳೆಯದರ ಪಕ್ಕದಲ್ಲಿ ನಿಲ್ಲಲೇ, ಎಲ್ಲವನ್ನೂ ಅಳಿಸಿ ನಿಲ್ಲಲೇ?

ಮಹಾದೇವಿಯ ಮಾತು ನೆನಪಾಯಿತು. ಆದರೆ ‘ಅರ್ಹವಲ್ಲ’ ಎಂದವರನ್ನು ಬಾಜೂಕ ಕೂರಿಸಿಕೊಂಡು ಸಂಸಾರ ಮಾಡುವುದು ನನ್ನ ಸ್ವಾಭಿಮಾನಕ್ಕೆ ಒಗ್ಗಲಿಲ್ಲ. ಅಲ್ಲದೆ ನಮ್ಮ ಮನೆಯವರು ಪ್ರತಿ ವರ್ಷ ಹೊಸ ಆಳುಗಳಿಗೆ ಹೇಳುವ ಮಾತೊಂದಿದೆ, “ಚಾಟ್ನಿ ಮಾಡೂವಾಗ ಕೈ ನಡಗಬಾರದು” ಎಂದು. ಕೈ ನಡುಗಿಸದೆ ಅಳಿಸು ಎಂಬುದನ್ನು ಒತ್ತಿದೆ. ಆ ಮಾತಿಗೆ ಇನ್ನೊಂದು ಅರ್ಧವಿದೆ, “ಆದರ ಕಣ್ಣ ಬಿಟ್ಟು ಕತ್ತರಸಬೇಕು” ಎಂದು. ಮುಂದೆ ಚಿಗುರುವ ಕಣ್ಣುಗಳನ್ನು ಕಡ್ಡಿಯ ಮೇಲೆ ಉಳಿಸದಿದ್ದರೆ ಹಣ್ಣೆಲ್ಲಿಂದ ಬರಬೇಕು? ಅರ್ಧ ಮಾತನ್ನು ನೆನಪಿಟ್ಟುಕೊಂಡು ಪೂರ್ತಿ ಕೆಲಸ ಮಾಡುವುದು ವಿದ್ಯಾವಂತರ ಹಳೆಯ ಚಾಳಿ.

ಒಂದು ಗೂಡ್ಸ್ ಗಾಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಂತೆ ನನಗನ್ನಿಸಿತು. ಹೊಸ ತೆರೆ ತಿಳಿಯಾಗಿ ತೆರೆದುಕೊಂಡಿತು. ಚಿತ್ರವಿಲ್ಲ, ಮೂಲೆಯಲ್ಲಿ ಗುಂಡಿಯಿಲ್ಲ, ಬೂದು ಬಣ್ಣದ ಮೌನ. ಹೆಮ್ಮೆಯಿಂದ ಮೊದಲ ವಾಕ್ಯ ಟೈಪಿಸಲು ಕುಳಿತೆ. ಆಗ ಕಷ್ಟ ಶುರುವಾಯಿತು. ಹಳೆಯ ಕೀಲಿಮಣೆಯ ಜೋಡಣೆಯಲ್ಲಿ ಒತ್ತಕ್ಷರಕ್ಕೆ ನನ್ನ ಎಡಗೈಯ ತೋರುಬೆರಳು ತಾನಾಗಿ ಹೋಗುವ ಕೀಲಿಯೊಂದಿತ್ತು. ಹೊಸದರಲ್ಲಿ ಅದು ಬೇರೇನನ್ನೋ ಮೂಡಿಸಿತು. ಅಕ್ಷರಗಳು ಒಂದರ ಕಾಲು ಒಂದು ಹಿಡಿಯದೆ ಚೆಲ್ಲಾಪಿಲ್ಲಿ ನಿಂತವು. ನಾನು ಬೊಬ್ಬೆ ಹೊಡೆದೆ. ಮಹಾದೇವಿಗೆ ಫೋನು, ಮತ್ತೆ ಫೋನು, ಅವಳು ಊಟಕ್ಕೆ ಕುಳಿತಾಗಲೂ ಫೋನು. “ವೈನಿ, ನಿಮ್ಮ ಹಳೇ ಕೀಲಿಮಣಿ ಜೋಡಣಿನೂ ಇದರಾಗ ಐತ್ರಿ, ಆರಿಸಿಕೊಳ್ರಿ ಸಾಕು” ಎಂದು ಅವಳು ತಾಳ್ಮೆಯಿಂದ ದಾರಿ ತೋರಿಸಿದಳು. ಸಂಜೆಯೊಳಗೆ ನನ್ನ ಬೆರಳಿಗೆ ಅದರ ತವರುಮನೆ ಸಿಕ್ಕಿತು.

ಸೋಮವಾರ, ನನ್ನ ಕಾಲೇಜಿಗೆ ರಜೆಯಿದ್ದ ದಿನ, ಅತ್ತೆ ಬಂದರು. ಊಟ ಮುಗಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕುಳಿತರು. ಅಡುಗೆಮನೆಯ ಬಾಗಿಲಿಂದ ನಾನು ನೋಡುತ್ತಿದ್ದೆ. ಅವರ ಕೈ ಮೌಸನ್ನು ಎಡಗಡೆಯ ಕೆಳಮೂಲೆಗೆ ಒಯ್ದಿತು. ಅಲ್ಲಿ ಏನೂ ಇರಲಿಲ್ಲ. ಬಾಣ ಅಲ್ಲೇ ಸ್ವಲ್ಪ ಹೊತ್ತು ತಿರುಗಾಡಿತು.

“ನನ್ನ ರಾಶಿ ಎಲ್ಲಿ ಹೋತು?”

ಹಳೆಯದನ್ನು ತೆಗೆದು ಹೊಸದು ಹಾಕಿರುವೆನೆಂದೂ ಇದು ಬಹಳ ಸ್ವತಂತ್ರವಾದದ್ದೆಂದೂ ನಾನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

“ಅರ್ಧಾ ರಾಶಿ ಕಣದಾಗ ಕೆದರಿ ಬಂದವರು ನಮ್ಮ ಮನಿತನದಾಗ ಯಾರೂ ಇಲ್ಲ” ಎಂದರು. ಆಮೇಲೆ, ನನ್ನ ಮುಖ ನೋಡಿಯೋ ಏನೋ, “ಹೋಗ್ಲಿ ಬಿಡವಾ. ಕಣ್ಣೂ ಮಂಜ ಆಗ್ಯಾವ” ಎಂದು ಎದ್ದು ಕಟ್ಟೆಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತರು.

‘ಹೋಗ್ಲಿ ಬಿಡು’ ಎಂಬುದು ನಮ್ಮ ಮನೆಯಲ್ಲಿ ಜಗಳದ ಮಾತಲ್ಲ. ಅದಕ್ಕಿಂತ ಕಷ್ಟದ್ದು. ಮರುದಿನವೂ ಅವರು ಕುರ್ಚಿಯ ಹತ್ತಿರ ಸುಳಿಯಲಿಲ್ಲ, ಅದರ ಮರುದಿನವೂ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದರು. ಆಟವನ್ನು ಹುಡುಕಿ ತೆರೆದು ಕೊಡುತ್ತೇನೆಂದು ನಾನೆಂದರೆ “ದಿನಾ ನಿನ್ನ ಕರೀಬೇಕೇನು?” ಎಂದರು. ಕಾಲೇಜಿನಲ್ಲಿರುವ ನನ್ನನ್ನು ಅವರು ಮಧ್ಯಾಹ್ನ ಕರೆಯುವುದಾದರೂ ಹೇಗೆ? ಅವರ ಕಣ್ಣು ಮಂಜಾಗಿರಲಿಲ್ಲವೆಂದು, ಅಕ್ಕಿಯಲ್ಲಿ ಒಂದೂ ಹರಳು ಉಳಿಯದಿದ್ದುದರಿಂದಲೇ ಗೊತ್ತಾಯಿತು. ನನಗೆ ನಿಜಕ್ಕೂ ಸಂಕಟವಾಯಿತು. ನನ್ನ ಒಂದು ಕೀಲಿ ಜಾಗ ತಪ್ಪಿದ್ದಕ್ಕೆ ಬಬಲೇಶ್ವರದ ತನಕ ಕೇಳುವಂತೆ ಕೂಗಿದವಳು ನಾನು. ಸ್ವಾತಂತ್ರ್ಯ ಸ್ವಾತಂತ್ರ್ಯ ಎಂದು ಜಪಿಸುತ್ತ, ಆ ಯಂತ್ರದ ಮುಂದೆ ಯಾರ ಹಂಗೂ ಇಲ್ಲದೆ ಕೂರುತ್ತಿದ್ದ ಒಬ್ಬರೇ ಒಬ್ಬರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ್ದೆ.

ಆ ವಾರದಲ್ಲೊಂದು ಸಂಜೆ ಕರೆಂಟು ಹೋಯಿತು. ಒಗ್ಗರಣೆ ಒಲೆಯ ಮೇಲಿತ್ತು. ನನ್ನ ಕೈ ಕತ್ತಲಲ್ಲೇ ಸಾಸಿವೆ, ಅರಿಶಿನ, ಉಪ್ಪು ಎಂದು ಒಂದೊಂದೇ ಡಬ್ಬಿ ತೆಗೆದು, ಹಾಕಿ, ಮರಳಿ ಇಟ್ಟಿತು. ಡಬ್ಬಿಗಳೆಲ್ಲ ಒಂದೇ ಅಳತೆಯವು, ಯಾವುದಕ್ಕೂ ಹೆಸರಿನ ಚೀಟಿಯಿಲ್ಲ. ಉಪ್ಪಿನ ಡಬ್ಬಿಯ ಮುಚ್ಚಳ ಹಾಕುವಾಗ ನೆನಪಾಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಹೀಗೇ ದೀಪ ಹೋದಾಗ ನಾನು ಸೀಮೆಎಣ್ಣೆಯ ಚಿಮಣಿ ಹುಡುಕಲು ಹೊರಟಿದ್ದೆ. ಅತ್ತೆ ತಡೆದು, ಹಿಂದೆ ನಿಂತು, ನನ್ನ ಬಲಗೈಯ ಮೇಲೆ ತಮ್ಮ ಕೈ ಇಟ್ಟು, ಗೋಡೆಯಲ್ಲಿನ ಮಾಡಿನ ಉದ್ದಕ್ಕೂ ಒಂದೊಂದೇ ಡಬ್ಬಿಯನ್ನು ಮುಟ್ಟಿಸಿಕೊಂಡು ಹೋಗಿದ್ದರು. “ಇದು ಉಪ್ಪ. ಇದು ಬೆಲ್ಲ. ಇದರ ಹಿಂದ ಜೀರಗಿ. ಕಣ್ಣಿಗಿಂತ ಕೈಗೆ ಗೊತ್ತಿರಬೇಕ ನೋಡು, ಆಗ ಮನಿ ನಿಂದು.” ಆಗ ನನಗದು ಅಡುಗೆಯ ಪಾಠವೆನ್ನಿಸಿತ್ತು. ಹೊಸದಾಗಿ ಬಂದವಳ ಕೈಗೆ ಅವರು ಮನೆಯನ್ನೇ ಕೊಡುತ್ತಿದ್ದರು ಎಂಬುದು ತಿಳಿಯಲು ನಾನು ಲಿನಕ್ಸ್ ಹಾಕಬೇಕಾಯಿತು.

ಮರುದಿನ ಕಾಲೇಜಿಗೆ ರಜೆ ಹಾಕಿದೆ. ಬೆಳಿಗ್ಗೆ ಮಹಾದೇವಿಯನ್ನು ಕೇಳಿ ಕೇಳಿ ಸನ್ಯಾಸಿಯ ತೆರೆಗೆ ಸಂಸಾರ ಹಚ್ಚಿದೆ. ಎಡಗಡೆಯ ಕೆಳಮೂಲೆಯಲ್ಲಿ ಗುಂಡಿ ಬಂತು, ಮೇಲಿನಿಂದ ಮೂರನೆಯ ಜಾಗಕ್ಕೆ ಇಸ್ಪೀಟು ಬಂತು, ಹಾಸು ಹಸಿರಾಯಿತು. ಲಿನಕ್ಸಿನ ಸ್ವಾತಂತ್ರ್ಯವೆಂದರೆ ಇದೇ ಎಂದು ಮಹಾದೇವಿ ಹೇಳಿದಳು. ಹೇಗೆ ಬೇಕೋ ಹಾಗೆ ಕೂರಿಸಿಕೊಳ್ಳಬಹುದು. ಬೇಕಾದವರನ್ನು ಮೊದಲು ಕೇಳಬೇಕು, ಅಷ್ಟೆ.

ಊಟದ ನಂತರ ಅತ್ತೆಯನ್ನು ಕರೆದೆ. ಬರಲೊಲ್ಲೆನೆಂದರು. “ಒಮ್ಮೆ ಕುಂದರ್ರಿ ಅತ್ತಿ, ಸೇರಲಿಲ್ಲಂದ್ರ ಏಳ್ರಿ” ಎಂದು ಕೂರಿಸಿ, ನಾನು ಕುರ್ಚಿಯ ಹಿಂದೆ ನಿಂತು, ಮೌಸಿನ ಮೇಲಿದ್ದ ಅವರ ಕೈ ಮೇಲೆ ನನ್ನ ಕೈ ಇಟ್ಟೆ. ನರಗಳೆದ್ದ, ಒಣಗಿದ, ಹಗುರವಾದ ಕೈ. ಎಡಗಡೆಯ ಕೆಳಮೂಲೆಗೆ ಒಯ್ದೆ. “ಇದು ಬಾಗಿಲಾ ರೀ.” ಮೇಲಿನಿಂದ ಒಂದು, ಎರಡು ದಾಟಿಸಿ ಮೂರನೆಯದಕ್ಕೆ ಒಯ್ದೆ. “ಇದು ಕಣಾ ರೀ.” ಮತ್ತೆ ಮೊದಲಿನಿಂದ, ಮತ್ತೊಮ್ಮೆ. ಕೊನೆಗೆ ಅವರೇ ನನ್ನ ಕೈಯನ್ನು ಕೊಡವಿ, “ಬಿಡು, ಗೊತ್ತಾತು” ಎಂದರು.

ಎಲೆಗಳು ಹರಡಿದವು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಗೌಡ ಬಾಳ ಸೊರಗ್ಯಾನಲ್ಲ.”

“ಹೊಸಾ ಊರಿಗೆ ಬಂದಾನ್ರಿ ಅತ್ತಿ.”

“ಗೌಡಸಾನಿ ಚಲೋ ಅದಾಳ” ಎಂದು ಒಪ್ಪಿ ಆಟಕ್ಕಿಳಿದರು. ರಾಶಿ ಮುಗಿದಾಗ ಎಲೆಗಳು ಮೊದಲಿನಂತೆ ಪುಟಿಯಲಿಲ್ಲ. ತೆರೆಯ ನಡುವೆ ಎರಡು ಶಬ್ದಗಳಷ್ಟೇ ಮೂಡಿದವು. ಅತ್ತೆ ಕಾದು ನೋಡಿ ನನ್ನ ಕಡೆ ತಿರುಗಿ “ರಾಶಿ ಆತು ಅಂತ ಬರದಾರೇನು?” ಎಂದರು. ಅಲ್ಲಿದ್ದುದು ಒಣ ಅಭಿನಂದನೆ. “ಹೌದ್ರಿ, ಅದನ್ನ ಬರದಾರ” ಎಂದೆ. ಅವರು ಕೈ ಜೋಡಿಸಿದರು. ಹೋದ ವಾರದ ಅರ್ಧ ರಾಶಿ ಮಾತ್ರ ಮರಳಲಿಲ್ಲ. ಅದರ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಮರೆತೂ ಇಲ್ಲ. ಈಗಲೂ ಏಳುವ ಮುಂಚೆ “ಕೆದರಬ್ಯಾಡ ಮತ್ತ” ಎಂದು ನನಗೆ ಹೇಳಿಯೇ ಏಳುತ್ತಾರೆ.

ಮೊನ್ನೆ ಮಹಾದೇವಿ ಫೋನು ಮಾಡಿದ್ದಳು. ಹೊಸ ಆವೃತ್ತಿ ಬಂದಿದೆಯಂತೆ, ಬಹಳ ಚೆಂದವಿದೆಯಂತೆ, ಭಾನುವಾರ ಪೆನ್‌ಡ್ರೈವ್ ತರಲೇ ಎಂದಳು. “ಅತ್ತ್ಯಾರನ್ನ ಕೇಳಿ ಹೇಳ್ತೇನಿ” ಎಂದೆ. ಕೇಳಿದೆ. ರಾಶಿ ಅರ್ಧ ಇದೆ ಎಂದು ಉತ್ತರ ಬಂತು. ಪೆನ್‌ಡ್ರೈವ್ ಬಬಲೇಶ್ವರದಲ್ಲೇ ಇದೆ.

ಇನ್ನು ಆ ಮೊಳೆ. ರಜೆಯ ದಿನಗಳಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಮಯವೆಷ್ಟಾಯಿತೆಂದು ನಾನೀಗಲೂ ಅದನ್ನೇ ನೋಡುತ್ತೇನೆ. ಗಡಿಯಾರ ಅಲ್ಲಿಲ್ಲ. ಮೊಳೆಯ ಕೆಳಗೆ ಒಂದು ಬಿಳಿ ತುರುಬು, ಅದರಾಚೆ ಹಸಿರು ಬೆಳಕು, ಅಲ್ಲಿಂದ “ಬಂತು ನೋಡು ಲಾಭ” ಎಂಬ ಧ್ವನಿ. ಹಾಗಾದರೆ ಮೂರು ಗಂಟೆ. ನಾನು ಕತ್ತು ತಿರುಗಿಸದೆ ಚಹಾಕ್ಕೆ ನೀರಿಡುತ್ತೇನೆ.